ಜಗಲಿಯ ನಾಯಿ, ಅಂಬೆಗಾಲಿನ ಮಗು

ಸಾಕುನಾಯಿಯಿಂದ ಪುಟ್ಟ ಮಕ್ಕಳಿಗೆ ಬರಬಹುದಾದ ಅಪಾಯಗಳು ಮೂರು ಬಗೆಯವು. ಮೊದಲನೆಯದು ಕಡಿತ ಮತ್ತು ಪರಚುಗಾಯ. ಎರಡನೆಯದು ರೇಬಿಸ್, ಅಂದರೆ ಹುಚ್ಚುನಾಯಿ ರೋಗ. ಮೂರನೆಯದು ನಾಯಿಯ ಕರುಳು, ಚರ್ಮ, ಕೂದಲುಗಳಿಂದ ಮಗುವಿಗೆ ದಾಟುವ ಹುಳು, ಉಣ್ಣೆ, ಶಿಲೀಂಧ್ರಗಳು. ಮೂರನ್ನೂ ಬಹುಮಟ್ಟಿಗೆ ತಡೆಯಬಹುದು. ತಡೆಗೆ ಅಡ್ಡ ಬರುವುದು ಬಹಳ ಸಲ ಹಣವೂ ಅಲ್ಲ, ಔಷಧದ ಕೊರತೆಯೂ ಅಲ್ಲ. "ನಮ್ಮ ನಾಯಿ ಏನೂ ಮಾಡಲ್ಲ" ಎಂಬ ಮನೆಯವರ ನಂಬಿಕೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2022-23ರಲ್ಲಿ ನಡೆಸಿದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಪ್ರಾಣಿ ಕಡಿತಗಳಾಗುತ್ತವೆ. ಅವುಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ನಾಯಿಯದೇ. ಸುದ್ದಿಯಾಗುವುದು ಬೀದಿನಾಯಿಯ ಕಡಿತ. ಆದರೆ ಅಮೆರಿಕ, ಯುರೋಪ್, ಆಸ್ಟ್ರೇಲಿಯಾಗಳಲ್ಲಿ ಆಸ್ಪತ್ರೆಯ ದಾಖಲೆಗಳನ್ನು ಹಿಡಿದು ನಡೆದ ಅಧ್ಯಯನಗಳು ಮತ್ತೆ ಮತ್ತೆ ಒಂದೇ ಸಂಗತಿಯನ್ನು ತೋರಿಸಿವೆ: ಐದಾರು ವರ್ಷದೊಳಗಿನ ಮಕ್ಕಳನ್ನು ಕಚ್ಚುವುದು ಹೆಚ್ಚಾಗಿ ಅವರಿಗೆ ಗೊತ್ತಿರುವ ನಾಯಿಯೇ. ಅದು ಅವರ ಮನೆಯದು, ಇಲ್ಲವೇ ಅಜ್ಜಿಯ, ಮಾವನ, ಪಕ್ಕದ ಮನೆಯವರದು. ಕಡಿತ ಆಗುವುದೂ ಮನೆಯೊಳಗೆ ಅಥವಾ ಅಂಗಳದಲ್ಲಿ. ಮನೆಯಲ್ಲಿ ನಾಯಿಯಿರುವ ಭಾರತದ ಕುಟುಂಬಗಳಿಗೂ ಈ ಎಚ್ಚರ ಅಷ್ಟೇ ಅನ್ವಯಿಸುತ್ತದೆ.

ಎತ್ತರದ ಲೆಕ್ಕ

ನಾಯಿ ದೊಡ್ಡವರನ್ನು ಕಚ್ಚಿದರೆ ಗಾಯ ಸಾಮಾನ್ಯವಾಗಿ ಕಾಲಿಗೆ ಅಥವಾ ಕೈಗೆ. ಪುಟ್ಟ ಮಕ್ಕಳಲ್ಲಿ ಹೆಚ್ಚು ಕಡಿತಗಳು ಮುಖ, ತಲೆ, ಕತ್ತಿನ ಮೇಲೆ ಬೀಳುತ್ತವೆ. ಎರಡು ವರ್ಷದ ಮಗುವಿನ ಎತ್ತರ ಸುಮಾರು 85 ಸೆಂಟಿಮೀಟರ್. ಲ್ಯಾಬ್ರಡಾರ್ ಅಥವಾ ಮುಧೋಳ ನಾಯಿ ನಿಂತಾಗ ಅದರ ಬಾಯಿಯೂ ಮಗುವಿನ ಕೆನ್ನೆಯೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತವೆ. ನಾಯಿ ಮಲಗಿದ್ದರೂ ವ್ಯತ್ಯಾಸವಿಲ್ಲ, ಏಕೆಂದರೆ ಮಗುವೇ ಬಗ್ಗಿ ಅದರ ಮುಖಕ್ಕೆ ಮುಖ ತಂದು ನೋಡುತ್ತದೆ. ಕುತೂಹಲ ಬಂದ ವಸ್ತುವಿನ ಹತ್ತಿರಕ್ಕೆ ಮುಖ ಒಯ್ಯುವುದು ಆ ವಯಸ್ಸಿನ ಸ್ವಭಾವ.

ಮಗುವಿನ ದೇಹದ ಅಳತೆಗೆ ಹೋಲಿಸಿದರೆ ತಲೆ ದೊಡ್ಡದು, ಚರ್ಮ ತೆಳು, ತಲೆಬುರುಡೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಹಸುಗೂಸಿನ ಬುರುಡೆಯನ್ನು ದೊಡ್ಡ ನಾಯಿಯ ಹಲ್ಲು ತೂರಿ ಹೋಗಬಲ್ಲದು. ದೊಡ್ಡವರು ಕೈ ಅಡ್ಡ ಹಿಡಿಯುತ್ತಾರೆ, ಹಿಂದೆ ಸರಿಯುತ್ತಾರೆ. ಮಗುವಿಗೆ ಆ ಚುರುಕೂ ಇಲ್ಲ, ಬಲವೂ ಇಲ್ಲ. ತುಟಿ, ಮೂಗು, ಕಣ್ಣಿನ ರೆಪ್ಪೆಗೆ ಆದ ಗಾಯ ಮಾಗಿದ ಮೇಲೂ ಕಲೆ ಉಳಿಯಬಹುದು. ನಾಯಿಯ ಭಯ, ನಿದ್ದೆಯಲ್ಲಿ ಬೆಚ್ಚುವುದು ಎಷ್ಟೋ ಮಕ್ಕಳನ್ನು ತಿಂಗಳುಗಟ್ಟಲೆ ಕಾಡುತ್ತವೆ.

ನಾಯಿ ಕಚ್ಚುವುದು ಏಕೆ

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯೆ ಇಲಾನಾ ರೈಸ್ನರ್ ಮತ್ತು ಸಂಗಡಿಗರು ಮಕ್ಕಳನ್ನು ಕಚ್ಚಿದ ನಾಯಿಗಳ ಬಗ್ಗೆ ನಡೆಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. 103 ನಾಯಿಗಳು, ಅವುಗಳಿಂದ ಕಡಿತಕ್ಕೊಳಗಾದ 111 ಮಕ್ಕಳು ಅದರಲ್ಲಿದ್ದರು. ಆರು ವರ್ಷದೊಳಗಿನ ಮಕ್ಕಳು ಹೆಚ್ಚಾಗಿ ಕಡಿಸಿಕೊಂಡದ್ದು ನಾಯಿ ತನ್ನದೆಂದುಕೊಂಡ ವಸ್ತುವನ್ನು ಕಾಯುತ್ತಿದ್ದಾಗ. ಪರಿಚಯದ ಮಕ್ಕಳ ವಿಷಯದಲ್ಲಿ ಎಲ್ಲಕ್ಕಿಂತ ಮುಂದಿದ್ದ ಕಾರಣ ಊಟದ ಕಾವಲು. ಅಪರಿಚಿತ ಮಕ್ಕಳಾಗಿದ್ದರೆ ಮನೆಯ, ಅಂಗಳದ ಕಾವಲು. ಸುಮಾರು ಅರ್ಧದಷ್ಟು ನಾಯಿಗಳಿಗೆ ನೋವು ಅಥವಾ ಕಾಯಿಲೆ ಇದ್ದಿರಬಹುದೆಂದು ಕಂಡುಬಂತು. ಹಿಂದಿನ ವಿವರ ಸಿಕ್ಕ ನಾಯಿಗಳಲ್ಲಿ ಮೂರನೇ ಎರಡರಷ್ಟು ಅದಕ್ಕೆ ಮುಂಚೆ ಯಾವ ಮಗುವನ್ನೂ ಕಚ್ಚಿರಲಿಲ್ಲ. "ಇದುವರೆಗೆ ಯಾರಿಗೂ ಏನೂ ಮಾಡಿಲ್ಲ" ಎಂಬ ಮಾತು ನಿಜವೇ ಇರಬಹುದು, ಆದರೆ ಅದು ನಾಳೆಗೆ ಭರವಸೆಯಲ್ಲ.

ಸಾಕುನಾಯಿ ಮಗುವಿನ ಮೇಲೆ ತಿರುಗಿಬೀಳುವ ಸಂದರ್ಭಗಳು ಬೆರಳೆಣಿಕೆಯವು: ತಿನ್ನುವಾಗ ಅಥವಾ ಮೂಳೆ ಕಡಿಯುವಾಗ ಹತ್ತಿರ ಹೋದದ್ದು, ಮಲಗಿದ್ದಾಗ ಮೈಮೇಲೆ ಬಿದ್ದದ್ದು, ಕಿವಿ, ಬಾಲ ಎಳೆದದ್ದು, ಕುತ್ತಿಗೆಗೆ ಕೈ ಸುತ್ತಿ ಅಪ್ಪಿಕೊಂಡದ್ದು, ಮೂಲೆಗೆ ಒತ್ತಿದ್ದು, ಕುದುರೆ ಸವಾರಿ ಎಂದು ಬೆನ್ನೇರಿದ್ದು, ಮರಿಗಳಿರುವ ತಾಯಿನಾಯಿಯ ಬಳಿ ಸುಳಿದದ್ದು. ಅಪ್ಪುಗೆ ಮನುಷ್ಯರಿಗೆ ಪ್ರೀತಿ. ನಾಯಿಗಾದರೋ ಅದು ಕುತ್ತಿಗೆಗೆ ಬಿದ್ದ ಹಿಡಿ. ಮುದಿನಾಯಿಗೆ ಸೊಂಟ, ಮಂಡಿಗಳಲ್ಲಿ ನೋವಿರುತ್ತದೆ, ಕಣ್ಣು ಮಂಜಾಗಿರುತ್ತದೆ, ಕಿವಿ ಕೇಳಿಸುವುದಿಲ್ಲ. ಹತ್ತು ವರ್ಷ ಸಾಧುವಾಗಿದ್ದ ನಾಯಿ ಹನ್ನೊಂದನೆಯ ವರ್ಷದಲ್ಲಿ ಕಚ್ಚುವುದು ಬಹಳ ಸಲ ಹೀಗೆ.

ಸರಪಳಿಯೂ ಒಂದು ಕಾರಣ. ಅಂಗಳದಲ್ಲಿ ಕಟ್ಟಿಹಾಕಿದ ನಾಯಿಗಳು ಕಚ್ಚುವ ಸಂಭವ ಹೆಚ್ಚೆಂದು ಅಮೆರಿಕದ ಡೆನ್ವರ್ ನಗರದ ಅಧ್ಯಯನವೊಂದು 1994ರಲ್ಲಿ ತೋರಿಸಿತು. ಹೆದರಿದ ಪ್ರಾಣಿಗೆ ಇರುವುದು ಎರಡೇ ದಾರಿ, ಓಡುವುದು ಅಥವಾ ಎದುರು ಬೀಳುವುದು. ಸರಪಳಿ ಮೊದಲ ದಾರಿಯನ್ನು ಮುಚ್ಚುತ್ತದೆ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹಗಲೆಲ್ಲ ಗೇಟಿನ ಪಕ್ಕ ಅಥವಾ ಕೊಟ್ಟಿಗೆಯ ಕಂಬಕ್ಕೆ ನಾಯಿ ಕಟ್ಟಿರುತ್ತಾರೆ; ಆಡುವ ಮಕ್ಕಳ ಓಡಾಟವೂ ಅಲ್ಲೇ.

ಕಚ್ಚುವ ಮುಂಚಿನ ಮಾತು

ನಾಯಿ ಏಕಾಏಕಿ ಕಚ್ಚುವುದು ಅಪರೂಪ. ಅದಕ್ಕೆ ಮುಂಚೆ ಅದು ತನ್ನ ಭಾಷೆಯಲ್ಲಿ ಹಲವು ಸಲ ಬೇಡ ಎಂದಿರುತ್ತದೆ. ಬ್ರಿಟನ್ನಿನ ಪಶುವೈದ್ಯೆ ಕೆಂಡಲ್ ಶೆಫರ್ಡ್ ಈ ಸೂಚನೆಗಳನ್ನು ಒಂದು ಏಣಿಯಾಗಿ ಜೋಡಿಸಿದ್ದಾರೆ. ಕೆಳಗಿನ ಮೆಟ್ಟಿಲುಗಳಲ್ಲಿ ಆಕಳಿಕೆ, ಕಣ್ಣು ಮಿಟುಕಿಸುವುದು, ಮೂಗು ನೆಕ್ಕಿಕೊಳ್ಳುವುದು. ನಂತರ ಮುಖ ತಿರುಗಿಸುವುದು, ಮೈ ತಿರುಗಿಸುವುದು, ಎದ್ದು ಹೋಗುವುದು. ಅದರ ಮೇಲೆ ಕಿವಿ ಹಿಂದಕ್ಕೆ ಒತ್ತಿ ತಗ್ಗುವುದು, ಬಾಲ ಕಾಲ ಸಂದಿಗೆ ಸೇರಿಸುವುದು, ಅಂಗಾತ ಮಲಗಿ ಕಾಲೆತ್ತುವುದು. ತುದಿಯ ಮೆಟ್ಟಿಲುಗಳು ಮೈ ಬಿಗಿದು ದಿಟ್ಟಿಸುವುದು, ಗುರುಗುಟ್ಟುವುದು, ಗಾಳಿಗೆ ಬಾಯಿ ಹಾಕುವುದು, ಕೊನೆಗೆ ಕಚ್ಚುವುದು.

ಒಂದು ಮಧ್ಯಾಹ್ನದ ಜಗಲಿಯನ್ನು ಊಹಿಸಿಕೊಳ್ಳಬಹುದು. ನಾಯಿ ಗೋಡೆಗೆ ಬೆನ್ನು ಕೊಟ್ಟು ಮಲಗಿದೆ. ಹತ್ತು ತಿಂಗಳ ಮಗು ಅಂಬೆಗಾಲಿಟ್ಟು ಅದರ ಕಡೆ ಬರುತ್ತದೆ. ನಾಯಿ ತಲೆ ಎತ್ತಿ ಮೂಗನ್ನೊಮ್ಮೆ ನೆಕ್ಕಿಕೊಳ್ಳುತ್ತದೆ. ಮಗು ಇನ್ನೂ ಹತ್ತಿರವಾಗುತ್ತದೆ. ನಾಯಿ ಆಕಳಿಸಿ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತದೆ. ಕಣ್ಣಿನ ಬಿಳಿ ಮಾತ್ರ ಓರೆಯಾಗಿ ಕಾಣುತ್ತದೆ. ಮಗುವಿನ ಕೈ ಕಿವಿಯ ಮೇಲೆ ಬೀಳುತ್ತದೆ. ನಾಯಿಯ ಬಾಯಿ ಮುಚ್ಚಿಕೊಳ್ಳುತ್ತದೆ, ಉಸಿರು ಒಂದು ಕ್ಷಣ ನಿಲ್ಲುತ್ತದೆ, ಮೈ ಕಲ್ಲಾಗುತ್ತದೆ. ಇಷ್ಟೂ ಹತ್ತು ಹದಿನೈದು ಸೆಕೆಂಡಿನ ಮಾತು. ಹೊಸಿಲಲ್ಲಿ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿರುವವರ ಕಣ್ಣಿಗೆ ಅದು ಮುದ್ದಾದ ಚಿತ್ರ. ನಾಯಿಯ ಕಡೆಯಿಂದ ನೋಡಿದರೆ ನಾಲ್ಕು ಸಲ ಬೇಡವೆಂದ ಮೇಲೂ ಕೇಳಿಸಿಕೊಳ್ಳುವವರಿಲ್ಲದ ಸ್ಥಿತಿ. ಹಿಂದೆ ಗೋಡೆ, ಮುಂದೆ ಮಗು.

ಈ ಭಾಷೆ ಮಕ್ಕಳಿಗೆ ಬರುವುದಿಲ್ಲ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಕೆರ್ಸ್ಟಿನ್ ಮೈಂಟ್ಸ್ ಮತ್ತು ಸಂಗಡಿಗರು ನಾಯಿಗಳ ಮುಖಭಾವದ ಚಿತ್ರಗಳನ್ನು ಪುಟ್ಟ ಮಕ್ಕಳಿಗೆ ತೋರಿಸಿ ಪರೀಕ್ಷಿಸಿದರು. ಹಲ್ಲು ಕಿರಿದ ನಾಯಿಯನ್ನು ನೋಡಿ ಅದು ನಗುತ್ತಿದೆ ಎಂದ ಮಕ್ಕಳು ಕಡಿಮೆಯಿರಲಿಲ್ಲ. ಮಕ್ಕಳು ಮನುಷ್ಯರ ಮುಖವನ್ನು ಓದಲು ಕಲಿತವರು. ಹಲ್ಲು ಕಂಡರೆ ಅವರಿಗೆ ಅದು ನಗು. ದೊಡ್ಡವರಿಗೂ ಕೆಲವು ತಪ್ಪು ತಿಳಿವಳಿಕೆಗಳಿವೆ. ಬಾಲ ಆಡಿಸುವ ನಾಯಿ ಯಾವಾಗಲೂ ಖುಷಿಯಲ್ಲಿರುವುದಿಲ್ಲ. ಬಿಗಿಯಾಗಿ ಮೇಲೆತ್ತಿದ ಬಾಲ ಸಣ್ಣಗೆ, ಬೇಗ ಬೇಗ ಆಡುತ್ತಿದ್ದರೆ ಅದು ಉದ್ವೇಗದ ಗುರುತು.

ಗುರುಗುಟ್ಟಿದ ನಾಯಿಗೆ ಬಡಿಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಗುರುಗುಟ್ಟುವುದು ಕಚ್ಚದೆ ಬಿಡುವ ಕೊನೆಯ ಅವಕಾಶ. ಅದಕ್ಕೆ ಪೆಟ್ಟು ತಿಂದ ನಾಯಿ ಗುರುಗುಟ್ಟುವುದನ್ನು ಬಿಡಬಹುದು. ಮಗುವಿನ ಮೇಲಿನ ಸಿಟ್ಟನ್ನೋ ಭಯವನ್ನೋ ಬಿಡುವುದಿಲ್ಲ. ಮುಂದಿನ ಸಲ ಸದ್ದಿಲ್ಲದೆ ಹಲ್ಲು ಇಳಿಯುತ್ತದೆ.

ವಯಸ್ಸಿಗೆ ತಕ್ಕ ಅಪಾಯ

ಮೊದಲ ತಿಂಗಳುಗಳಲ್ಲಿ ಮಗು ಅಲುಗಾಡದಿದ್ದರೂ ಅದರ ಅಳು, ವಾಸನೆ, ಕೈಕಾಲು ಬಡಿತ ನಾಯಿಗೆ ಹೊಸವು. ಇಲ್ಲಿನ ಕುಟುಂಬಗಳಲ್ಲಿ ಇದಕ್ಕೊಂದು ವಿಶೇಷ ಸಂದರ್ಭವಿದೆ. ಹೆರಿಗೆ, ಬಾಣಂತನ ತವರಿನಲ್ಲಿ ಮುಗಿಸಿ ತಾಯಿ ಮೂರೋ ಐದೋ ತಿಂಗಳ ಕೂಸಿನೊಂದಿಗೆ ಗಂಡನ ಮನೆಗೆ ಬರುತ್ತಾಳೆ. ಅಲ್ಲಿಯ ನಾಯಿಗೆ ಮಗು ಒಂದೇ ದಿನದಲ್ಲಿ ಬಂದಿಳಿದ ಅತಿಥಿ. ಅದುವರೆಗೆ ತನಗಿದ್ದ ಮಂಚದ ಪಕ್ಕದ ಜಾಗ, ಸಂಜೆಯ ತಿರುಗಾಟ, ಮನೆಯವರ ಮುದ್ದು ಎಲ್ಲವೂ ಅದೇ ದಿನ ಕೈತಪ್ಪುತ್ತವೆ. ಕೂಸಿನ ಬಟ್ಟೆಯನ್ನು ಮುಂಚೆಯೇ ತಂದು ನಾಯಿಗೆ ವಾಸನೆ ಪರಿಚಯಿಸುವುದು, ಮಲಗುವ ಜಾಗದ ಬದಲಾವಣೆಯನ್ನು ಮಗು ಬರುವ ಒಂದೆರಡು ತಿಂಗಳ ಮುಂಚೆ ಮಾಡುವುದು, ಮೊದಲ ಭೇಟಿಯಲ್ಲಿ ನಾಯಿಗೆ ಬೆಲ್ಟು ಹಾಕಿ ದೂರದಿಂದ ತೋರಿಸುವುದು ಉಪಕಾರಿ. ನೆಲದ ಮೇಲೆ ಹಾಸಿದ ಚಾಪೆಯಲ್ಲಿ ಕೂಸು, ಅದೇ ಕೋಣೆಯಲ್ಲಿ ನಾಯಿ, ದೊಡ್ಡವರು ಅಡುಗೆಮನೆಯಲ್ಲಿ: ಈ ಏರ್ಪಾಡು ಒಂದು ನಿಮಿಷಕ್ಕೂ ಸಲ್ಲದು.

ಅಂಬೆಗಾಲಿಡುವ ಕಾಲದಿಂದ ಮೂರು ವರ್ಷದವರೆಗೆ ಅಪಾಯ ಬಹಳ ಹೆಚ್ಚು. ಮಗು ತಾನಾಗಿ ನಾಯಿಯ ಬಳಿ ಹೋಗಬಲ್ಲದು, ಆದರೆ ಹೇಳಿದ್ದನ್ನು ನೆನಪಿಟ್ಟುಕೊಳ್ಳಲಾರದು. ಕೈಯಲ್ಲಿ ಸದಾ ಬಿಸ್ಕತ್ತೋ ರೊಟ್ಟಿಯ ಚೂರೋ ಇರುತ್ತದೆ. ಆ ಕೈ ನಾಯಿಯ ಮೂಗಿನ ಎತ್ತರದಲ್ಲೇ ಇರುತ್ತದೆ. ನಾಯಿ ತೋರಿಸಿ ತುತ್ತು ಉಣಿಸುವ ರೂಢಿಯೂ ಎಚ್ಚರ ಬೇಡುತ್ತದೆ. ಅನ್ನದ ತಟ್ಟೆ, ಮಗು, ನಾಯಿ ಮೂರೂ ಒಂದೇ ಕಡೆ ಸೇರುವುದು ಸರಿಯಲ್ಲ. ದೊಡ್ಡ ನಾಯಿ ಆಟಕ್ಕೆ ಹಾರಿದರೂ ಮಗು ಬಿದ್ದು ತಲೆಗೆ ಪೆಟ್ಟಾಗಬಹುದು.

ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ನಿಯಮ ಕಲಿಸಬಹುದು. ಆದರೆ ಆಟದ ಭರದಲ್ಲಿ ಅವರು ಮರೆಯುತ್ತಾರೆ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಬಂದ ನಾಲ್ಕೈದು ಮಕ್ಕಳು ಕಿರುಚಾಡುತ್ತ ಓಡುವಾಗ, ದೀಪಾವಳಿಯ ಪಟಾಕಿಗೆ ಬೆದರಿ ನಾಯಿ ಮಂಚದ ಕೆಳಗೆ ನುಸುಳಿದಾಗ ಅದನ್ನು ಮಕ್ಕಳಿಂದ ಬೇರೆ ಕೋಣೆಯಲ್ಲಿಡುವುದೇ ಕ್ಷೇಮ.

ರೇಬಿಸ್

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ರೇಬಿಸ್‌ನಿಂದ ಸಾಯುತ್ತಾರೆ. ಮನುಷ್ಯರಿಗೆ ಈ ರೋಗ ಬರುವುದು 99 ಪ್ರತಿಶತದಷ್ಟು ನಾಯಿಯಿಂದಲೇ. ರೇಬಿಸ್ ಇರಬಹುದೆಂಬ ಅನುಮಾನದ ಪ್ರಾಣಿಗಳಿಂದ ಕಡಿಸಿಕೊಳ್ಳುವವರಲ್ಲಿ ಹತ್ತರಲ್ಲಿ ನಾಲ್ವರು 15 ವರ್ಷದೊಳಗಿನ ಮಕ್ಕಳು. ಭಾರತದಲ್ಲಿ ಸಾವಿನ ಸಂಖ್ಯೆ ವರ್ಷಕ್ಕೆ ಸುಮಾರು 5,700 ಎಂದು ಮೇಲೆ ಹೇಳಿದ ಸಮೀಕ್ಷೆ ಲೆಕ್ಕ ಹಾಕಿದೆ.

ರೇಬಿಸ್ ವೈರಾಣು ರೋಗಿಷ್ಠ ಪ್ರಾಣಿಯ ಜೊಲ್ಲಿನಲ್ಲಿರುತ್ತದೆ. ಗಾಯದ ಮೂಲಕ ಒಳಹೊಕ್ಕು, ಸ್ನಾಯುವಿನಿಂದ ನರದ ತುದಿಗೆ ಸೇರಿ, ನರದ ಗುಂಟ ಮೆದುಳಿನತ್ತ ಸಾಗುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳಲ್ಲಿ ರೋಗ ಕಾಣಿಸುತ್ತದೆ. ಮುಖಕ್ಕೆ ಕಡಿತವಾದರೆ ನರಗಳು ದಟ್ಟ, ಮೆದುಳಿಗೆ ದಾರಿ ಗಿಡ್ಡ. ಕೆಲವೇ ವಾರಗಳು ಸಾಕಾಗಬಹುದು. ಪುಟ್ಟ ಮಕ್ಕಳ ವಿಷಯದಲ್ಲಿ ಒಂದು ದಿನವನ್ನೂ ಕಳೆಯಬಾರದೆನ್ನುವುದು ಇದಕ್ಕೇ. ನೀರು ಕಂಡರೆ ಗಂಟಲು ಹಿಡಿಯುವಂಥ ಲಕ್ಷಣಗಳು ಒಮ್ಮೆ ಶುರುವಾದರೆ ಸಾವು ಹೆಚ್ಚುಕಡಿಮೆ ಖಚಿತ. ಲಕ್ಷಣಕ್ಕೆ ಮುಂಚೆ ಸರಿಯಾದ ಚಿಕಿತ್ಸೆ ಸಿಕ್ಕರೆ ಬದುಕುವುದೂ ಅಷ್ಟೇ ಖಚಿತ.

ಈ ಚಿಕಿತ್ಸೆಯ ಇತಿಹಾಸ ಶುರುವಾಗುವುದೇ ಒಬ್ಬ ಬಾಲಕನಿಂದ. 1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ತಮ್ಮ ಹೊಸ ಲಸಿಕೆಯನ್ನು ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಕೊಡಿಸಿದರು, ಹುಡುಗ ಬದುಕಿದ. ಭಾರತದಲ್ಲಿ ಬಹುಕಾಲ ಬಳಕೆಯಲ್ಲಿದ್ದದ್ದು ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ, ಪ್ರಾಣಿಯ ಮೆದುಳಿನ ಅಂಗಾಂಶದಿಂದ ತಯಾರಾಗುತ್ತಿದ್ದ ಲಸಿಕೆ. "ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್" ಎಂದು ಹಳೆಯ ತಲೆಮಾರು ಇಂದಿಗೂ ಬೆಚ್ಚುವುದು ಅದನ್ನು ನೆನೆದು. ಆ ಲಸಿಕೆ ನಿಂತುಹೋಗಿ ಎರಡು ದಶಕಗಳೇ ಆಗಿವೆ. ಈಗಿನದು ತೋಳಿಗೆ, ಎರಡು ವರ್ಷದೊಳಗಿನ ಮಕ್ಕಳಾದರೆ ತೊಡೆಯ ಹೊರಭಾಗಕ್ಕೆ ಕೊಡುವ ನಾಲ್ಕೈದು ಸಲದ ಲಸಿಕೆ. ಹಳೆಯ ಹೆದರಿಕೆಗೆ ಮಗುವನ್ನು ಆಸ್ಪತ್ರೆಯಿಂದ ದೂರ ಇಡುವುದಕ್ಕೆ ಅರ್ಥವಿಲ್ಲ.

ಗಾಯ ತೊಳೆಯುವ ಹದಿನೈದು ನಿಮಿಷ

ನಾಯಿ ಕಚ್ಚಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಆಸ್ಪತ್ರೆಗೆ ಓಡುವುದಲ್ಲ, ತೊಳೆಯುವುದು. ರಕ್ತ ಧಾರೆಯಾಗಿ ಸುರಿಯುತ್ತಿದ್ದರೆ, ಕಣ್ಣಿಗೋ ಕತ್ತಿಗೋ ಆಳವಾದ ಗಾಯವಾಗಿದ್ದರೆ ಮಾತ್ರ ಒತ್ತಿ ಹಿಡಿದು ಒಡನೆಯೇ ಹೊರಡಬೇಕು. ಉಳಿದಂತೆ ಹರಿಯುವ ನಲ್ಲಿಯ ಕೆಳಗೆ ಗಾಯ ಹಿಡಿದು, ಬಟ್ಟೆ ಅಥವಾ ಮೈಸೋಪಿನ ನೊರೆ ಹಚ್ಚಿ, ಹದಿನೈದು ನಿಮಿಷ ಬಿಡದೆ ತೊಳೆಯಬೇಕು. ನಲ್ಲಿಯಿಲ್ಲದಿದ್ದರೆ ಒಬ್ಬರು ಚೊಂಬಿನಿಂದ ನೀರು ಹೊಯ್ಯುತ್ತಿರಬೇಕು. ಅಳುವ ಮಗುವನ್ನು ತೊಡೆಯ ಮೇಲೆ ಹಿಡಿದು ಗಡಿಯಾರ ನೋಡುವಾಗ ಹದಿನೈದು ನಿಮಿಷ ಬಲು ದೀರ್ಘ. ಹೆಚ್ಚಿನವರು ಎರಡು ನಿಮಿಷಕ್ಕೇ ಬಿಡುತ್ತಾರೆ. ರೇಬಿಸ್ ವೈರಾಣುವಿನ ಹೊರಪದರ ಕೊಬ್ಬಿನದು. ಸೋಪು ಆ ಪದರವನ್ನು ಕರಗಿಸಿ ವೈರಾಣುವನ್ನು ಕೆಡಿಸುತ್ತದೆ, ನೀರು ಅದನ್ನು ಹೊರಗೆ ಒಯ್ಯುತ್ತದೆ. ಆಮೇಲೆ ಪೊವಿಡೋನ್ ಅಯೋಡಿನ್ ಹಚ್ಚಬಹುದು. ಅರಿಶಿನ, ಸುಣ್ಣ, ಕಾಫಿಪುಡಿ, ಖಾರದ ಪುಡಿ, ಎಣ್ಣೆ ಯಾವುದೂ ಕೂಡದು. ಅವು ಗಾಯವನ್ನು ಉರಿಸಿ ವೈರಾಣುವನ್ನು ಇನ್ನೂ ಒಳಕ್ಕೆ ತಳ್ಳಬಹುದು.

ವೈದ್ಯರು ಗಾಯವನ್ನು ಮೂರು ದರ್ಜೆಯಾಗಿ ನೋಡುತ್ತಾರೆ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದರೆ ಮೊದಲನೆಯ ದರ್ಜೆ, ತೊಳೆದರೆ ಸಾಕು. ರಕ್ತ ಬಾರದ ಪರಚು ಎರಡನೆಯದು, ಲಸಿಕೆ ಬೇಕು. ರಕ್ತ ಬಂದ ಕಡಿತ, ಪರಚು, ಅಥವಾ ಬಾಯಿ, ಕಣ್ಣು, ತೆರೆದ ಗಾಯಕ್ಕೆ ಜೊಲ್ಲು ತಗುಲುವುದು ಮೂರನೆಯದು. ಲಸಿಕೆಯ ಜೊತೆಗೆ ರೇಬಿಸ್ ಇಮ್ಯುನೊಗ್ಲಾಬ್ಯುಲಿನ್ ಅನ್ನು ಗಾಯದ ಒಳಗೂ ಸುತ್ತಲೂ ಕೊಡಬೇಕು. ಲಸಿಕೆಯಿಂದ ದೇಹ ತನ್ನದೇ ಪ್ರತಿಕಾಯ ತಯಾರಿಸಲು ಒಂದೆರಡು ವಾರ ಬೇಕು. ಆ ನಡುವಿನ ದಿನಗಳನ್ನು ಕಾಯುವುದು ಇಮ್ಯುನೊಗ್ಲಾಬ್ಯುಲಿನ್. ಚರ್ಮದೊಳಗೆ ಕೊಡುವ ಲಸಿಕೆ 0, 3, 7, 28ನೆಯ ದಿನಗಳಲ್ಲಿ. ಸ್ನಾಯುವಿಗೆ ಕೊಡುವುದಾದರೆ 14ನೆಯ ದಿನವೂ ಸೇರುತ್ತದೆ. ಒಂದನ್ನೂ ತಪ್ಪಿಸುವಂತಿಲ್ಲ. ಕಚ್ಚಿದ್ದು ಲಸಿಕೆ ಹಾಕಿಸಿದ ಮನೆಯ ನಾಯಿಯೇ ಆದರೂ ವೈದ್ಯರಿಗೆ ತೋರಿಸಲೇಬೇಕು. ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡುವ ಪದ್ಧತಿ ಇದೆ, ಆದರೆ ಆ ಹತ್ತು ದಿನ ಚಿಕಿತ್ಸೆ ಕಾಯುವುದಿಲ್ಲ. ಟೆಟನಸ್ ಚುಚ್ಚುಮದ್ದು, ಕೀವಾಗದಂತೆ ಆ್ಯಂಟಿಬಯೋಟಿಕ್ ಬೇಕೇ ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ನಾಯಿಯ ಹಲ್ಲಿನ ಗಾಯ ಹೊರಗೆ ಚುಕ್ಕೆಯಷ್ಟಿದ್ದು ಒಳಗೆ ಆಳವಾಗಿರುತ್ತದೆ, ಪಾಶ್ಚುರೆಲ್ಲಾದಂಥ ಬ್ಯಾಕ್ಟೀರಿಯಾಗಳು ಒಂದೇ ದಿನದಲ್ಲಿ ಬಾವು ಬರಿಸುತ್ತವೆ.

ಪುಟ್ಟ ಮಗು ಪರಚಿಸಿಕೊಂಡದ್ದನ್ನು ಹೇಳದಿರಬಹುದು, ಬೈಯುತ್ತಾರೆಂದು ಮುಚ್ಚಿಡಲೂಬಹುದು. ಆದ್ದರಿಂದ ನಾಯಿ ಸಾಕಿರುವ ಮನೆಯ ಮಕ್ಕಳಿಗೆ ಕಡಿತಕ್ಕೆ ಮುಂಚೆಯೇ ರೇಬಿಸ್ ಲಸಿಕೆ ಕೊಡಿಸುವುದು ಒಳ್ಳೆಯದೆಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಸಲಹೆ ಮಾಡಿದೆ. ಅಂಥ ಮಗುವಿಗೂ ಕಡಿತವಾದರೆ ಮತ್ತೆ ಲಸಿಕೆ ಬೇಕು, ಆದರೆ ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ.

ಹುಳು, ಉಣ್ಣೆ, ಹುಳುಕಡ್ಡಿ

ನಾಯಿಮರಿಗಳು ಹುಟ್ಟುವಾಗಲೇ ಹೊಟ್ಟೆಯಲ್ಲಿ ದುಂಡುಹುಳು ಹೊತ್ತಿರಬಹುದು. ಟಾಕ್ಸೊಕಾರಾ ಎಂಬ ಈ ಹುಳುವಿನ ಮರಿ ತಾಯಿಯ ಗರ್ಭದಲ್ಲೇ ದಾಟುತ್ತದೆ, ಹಾಲಿನಲ್ಲೂ ಹೋಗುತ್ತದೆ. ನಾಯಿಯ ಹೇಲಿನಲ್ಲಿ ಬಿದ್ದ ಮೊಟ್ಟೆಗಳು ಮಣ್ಣಿನಲ್ಲಿ ಎರಡು ಮೂರು ವಾರ ಕಳೆದ ಮೇಲೆ ಸೋಂಕು ತರುವ ಹಂತಕ್ಕೆ ಬರುತ್ತವೆ. ಮಣ್ಣು ತಿನ್ನುವ, ಬೆರಳು ಚೀಪುವ ಮಗುವಿನ ಹೊಟ್ಟೆಗೆ ಹೋದರೆ ಒಡೆದು, ಮರಿಹುಳುಗಳು ಯಕೃತ್ತು, ಶ್ವಾಸಕೋಶಗಳಲ್ಲಿ ಅಲೆಯುತ್ತವೆ. ಕಣ್ಣಿಗೆ ಸೇರಿದರೆ ದೃಷ್ಟಿಯೇ ಹೋಗಬಹುದು. ಹೇಲನ್ನು ಅಂದಂದೇ ತೆಗೆಯುವುದರಿಂದ ಮೊಟ್ಟೆ ಬಲಿಯಲು ಸಮಯವೇ ಸಿಗುವುದಿಲ್ಲ. ಮರಿಗಳಿಗೆ ಎರಡನೆಯ ವಾರದಿಂದಲೇ ಜಂತುಹುಳುವಿನ ಔಷಧ ಶುರುಮಾಡಬೇಕು. ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮ ಕೊರೆದು ಹಾವಿನ ಹಾದಿಯಂತೆ ತುರಿಕೆಯ ಗೆರೆ ಎಬ್ಬಿಸುತ್ತವೆ. ಹಸಿ ಕುರಿಮಾಂಸದ ಒಳ ಅಂಗಗಳನ್ನು ತಿಂದ ನಾಯಿಯಿಂದ ಹೈಡಾಟಿಡ್ ಗಡ್ಡೆಯ ಸೋಂಕು ಬರಬಹುದು. ಹುಳುಕಡ್ಡಿ ಎಂದು ಕರೆಯುವ ಚರ್ಮದ ಶಿಲೀಂಧ್ರ ಮುದ್ದಾಡುವಾಗ ಅಂಟುತ್ತದೆ. ಉಣ್ಣೆ, ಚಿಗಟಗಳಿಗೆ ಪಶುವೈದ್ಯರಲ್ಲಿ ಸುಲಭ ಔಷಧಗಳಿವೆ.

ತಳಿಯ ಪ್ರಶ್ನೆ

ಕೇಂದ್ರ ಸರ್ಕಾರ 2024ರ ಮಾರ್ಚಿನಲ್ಲಿ 23 ತಳಿಗಳನ್ನು ಅಪಾಯಕಾರಿ ಎಂದು ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಕರ್ನಾಟಕ ಹೈಕೋರ್ಟ್ ಮರು ತಿಂಗಳು ಅದನ್ನು ರದ್ದುಮಾಡಿತು. ನೆದರ್ಲೆಂಡ್ಸ್ 1993ರಲ್ಲಿ ಪಿಟ್‌ಬುಲ್ ಮಾದರಿಯ ನಾಯಿಗಳನ್ನು ನಿಷೇಧಿಸಿ, ಕಡಿತಗಳು ಕಡಿಮೆಯಾಗದ ಕಾರಣ 2008ರಲ್ಲಿ ಆ ನೀತಿಯನ್ನು ಕೈಬಿಡಲು ನಿರ್ಧರಿಸಿತು. ದೊಡ್ಡ, ಬಲವಾದ ನಾಯಿ ಕಚ್ಚಿದರೆ ಗಾಯ ದೊಡ್ಡದು, ನಿಜ. ಆದರೆ ಕಚ್ಚುವುದೋ ಇಲ್ಲವೋ ಎಂಬುದನ್ನು ಸಾಕಿದ ಬಗೆ, ನಾಯಿಯ ಆರೋಗ್ಯ ಮತ್ತು ಆ ಕ್ಷಣದ ಸಂದರ್ಭವೂ ತೀರ್ಮಾನಿಸುತ್ತವೆ. ಮೂರು ಕಿಲೋ ತೂಕದ ಪೊಮೆರೇನಿಯನ್ ಕೂಡ ಕೂಸಿನ ಕಣ್ಣಿಗೆ ಹಾನಿ ಮಾಡಬಲ್ಲದು.

ಒಟ್ಟಿಗೆ ಬಾಳುವ ವ್ಯವಸ್ಥೆ

ನಾಯಿಯಿರುವ ಮನೆಯಲ್ಲಿ ಬೆಳೆಯುವುದರಿಂದ ಲಾಭವೂ ಇದೆ. ಫಿನ್ಲೆಂಡಿನ ಕುವೊಪಿಯೊದಲ್ಲಿ 397 ಮಕ್ಕಳನ್ನು ಗಮನಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು; ನಾಯಿಯ ಒಡನಾಟವಿದ್ದ ಕೂಸುಗಳಲ್ಲಿ ಮೊದಲ ವರ್ಷ ನೆಗಡಿ, ಕಿವಿಸೋಂಕುಗಳು ಕಡಿಮೆಯಿದ್ದವು. ಸ್ವೀಡನ್ನಿನ 2015ರ ಅಧ್ಯಯನದಲ್ಲಿ ಮೊದಲ ವರ್ಷ ನಾಯಿಯೊಂದಿಗೆ ಬೆಳೆದ ಮಕ್ಕಳಿಗೆ ಶಾಲೆಯ ವಯಸ್ಸಿನಲ್ಲಿ ಆಸ್ತಮಾ ಸಂಭವ 13 ಪ್ರತಿಶತ ಕಡಿಮೆ ಕಂಡಿತು. ಮಗು ಹುಟ್ಟಿತೆಂದು ನಾಯಿಯನ್ನು ಊರಾಚೆ ಬಿಟ್ಟುಬರಬೇಕಾಗಿಲ್ಲ. ಬೇಕಾದದ್ದು ವ್ಯವಸ್ಥೆ.

ಅದರ ಮೊದಲ ಅಂಶ ಜಾಗ. ನಾಯಿಗೆ ಮಗು ತಲುಪಲಾರದ ಒಂದು ಮೂಲೆ ಇರಬೇಕು. ಅಲ್ಲಿಗೆ ಹೋಗಿ ಮಲಗಿದರೆ ಯಾರೂ ಎಬ್ಬಿಸಬಾರದು. ಅಡ್ಡಬಾಗಿಲು, ಮರದ ತಡೆ, ಬೇರೆ ಕೋಣೆ ಯಾವುದಾದರೂ ಸರಿ. ಎರಡನೆಯದು ಊಟ. ನಾಯಿಯ ಬಟ್ಟಲು ಮಗು ಓಡಾಡದ ಕಡೆ ಇರಬೇಕು, ತಿಂದಾದ ಕೂಡಲೇ ಅದನ್ನು ತೆಗೆಯಬೇಕು. ಮೂರನೆಯದು ಕಾವಲು. ಒಂದೇ ಕೋಣೆಯಲ್ಲಿದ್ದು ಟಿ.ವಿ. ನೋಡುವುದು ಕಾವಲಲ್ಲ. ದೊಡ್ಡವರೊಬ್ಬರು ನಾಯಿಗೂ ಮಗುವಿಗೂ ಕೈಯಳತೆಯಲ್ಲಿದ್ದು, ನಾಯಿಯ ಕಣ್ಣು, ಬಾಯಿ, ಬಾಲ ಗಮನಿಸುತ್ತಿರುವುದು ಕಾವಲು. ಅದು ಸಾಧ್ಯವಿಲ್ಲದ ಹೊತ್ತಿನಲ್ಲಿ ಇಬ್ಬರನ್ನೂ ಬೇರೆ ಇಡಬೇಕು. ನಾಲ್ಕನೆಯದು ನಾಯಿಯ ಆರೈಕೆ: ಮೂರು ತಿಂಗಳಿಂದ ರೇಬಿಸ್ ಲಸಿಕೆ, ಪಶುವೈದ್ಯರು ಹೇಳಿದ ಕಾಲಕ್ಕೆ ಮರುಲಸಿಕೆ, ಜಂತುಹುಳುವಿನ ಮಾತ್ರೆ, ಸಂತಾನಹರಣ ಚಿಕಿತ್ಸೆ, ದಿನವೂ ತಿರುಗಾಟ, ನೋವಿದ್ದರೆ ಚಿಕಿತ್ಸೆ.

ಮಗುವಿಗೆ ಕಲಿಸಬೇಕಾದದ್ದು ನಾಲ್ಕೇ ಮಾತು: ತಿನ್ನುವ ನಾಯಿಯ ಹತ್ತಿರ ಹೋಗಬಾರದು, ಮಲಗಿದ ನಾಯಿಯನ್ನು ಮುಟ್ಟಬಾರದು, ನಾಯಿಯನ್ನು ತಬ್ಬಬಾರದು, ನಾಯಿ ಎದ್ದು ಹೋದರೆ ಹಿಂಬಾಲಿಸಬಾರದು. ನಾಯಿ ತಾನಾಗಿ ಹತ್ತಿರ ಬಂದರೆ ಎದೆ ಅಥವಾ ಹೆಗಲನ್ನು ಮೆಲ್ಲಗೆ ಸವರಿ ಕೈ ತೆಗೆಯಬೇಕು. ನಾಯಿಗೆ ಇಷ್ಟವಿದ್ದರೆ ಅದೇ ಮತ್ತೆ ಒರಗುತ್ತದೆ. ನಾಯಿ ಮೇಲೆ ಬಂದರೆ ಓಡದೆ, ಕೂಗದೆ, ಕೈ ಮಡಚಿ ಮರದಂತೆ ನಿಲ್ಲಬೇಕು. ಬಿದ್ದರೆ ಮುದುಡಿ ಮುಖ ಮುಚ್ಚಿಕೊಳ್ಳಬೇಕು. ಈ ಪಾಠ ಹೇಳಿದರೆ ಸಾಲದು, ಆಟವಾಗಿ ಆಡಿಸಬೇಕು. ಪಾಠ ಕಲಿತ ಮಗುವಿಗೂ ಶಾಲೆಯ ಮೊದಲ ವರ್ಷಗಳವರೆಗೆ ಕಾವಲು ಬೇಕು.

ಮಗುವನ್ನು ಕಂಡರೆ ಪದೇ ಪದೇ ಬಿಗಿಯುವ, ಗುರುಗುಟ್ಟುವ ನಾಯಿಯನ್ನು ಮೊದಲು ಪಶುವೈದ್ಯರಿಗೆ ತೋರಿಸಿ ನೋವಿದೆಯೇ ಎಂದು ಪರೀಕ್ಷಿಸಬೇಕು, ಮುಂದೆ ನಾಯಿಗಳ ವರ್ತನೆ ಬಲ್ಲ ತರಬೇತುದಾರರ ನೆರವು ಪಡೆಯಬೇಕು. ಆಮೇಲೂ ಸುಧಾರಿಸದಿದ್ದರೆ, ಮನೆಯಲ್ಲಿ ಬೇರೆ ಇಡುವ ಅನುಕೂಲವೂ ಇಲ್ಲದಿದ್ದರೆ, ಮಕ್ಕಳಿಲ್ಲದ, ನಾಯಿಯ ಸ್ವಭಾವವನ್ನು ಪೂರ್ತಿ ತಿಳಿದು ಒಪ್ಪಿಕೊಂಡ ಮನೆಗೆ ಅದನ್ನು ಸೇರಿಸುವುದು ಮಗುವಿಗೂ ನಾಯಿಗೂ ನ್ಯಾಯ. ಆ ತೀರ್ಮಾನ ಗುರುಗುಟ್ಟುವ ಹಂತದಲ್ಲೇ ಆಗಬೇಕು, ಕಚ್ಚಿದ ಮೇಲಲ್ಲ.